‘ಮೇಲಿನವರಿಗೆ ಹೇಳಿದ್ದೀನಿ’

ನಮ್ಮ ಕಾಲೇಜಿನ ಕಬಡ್ಡಿ ಟೀಮಿನ ಒಳ್ಳೆಯ ರೈಡರ್ ಒಬ್ಬಳು 2009ರಲ್ಲಿ ಇದ್ದಕ್ಕಿದ್ದ ಹಾಗೆ ಪ್ರಾಕ್ಟೀಸಿಗೆ ಬರುವುದನ್ನು ನಿಲ್ಲಿಸಿದಳು. ಕೇಳಿದರೆ ‘ಮಂಡಿ ನೋವು ಮೇಡಂ’ ಎಂದಳು. ನಾನು ನಂಬಿದೆ. ಸ್ಪ್ರೇ ಕೊಟ್ಟೆ, ನೀಕ್ಯಾಪ್ ಕೊಟ್ಟೆ. ಎರಡು ವಾರದ ಮೇಲೆ ಗ್ರೌಂಡಿನ ಅಟೆಂಡರ್ ಸುಣ್ಣದ ಗೆರೆ ಹಾಕುತ್ತಾ, ತಲೆ ಎತ್ತದೆ ಹೇಳಿದ: ‘ಮಂಡಿ ಅಲ್ಲ ಮೇಡಂ, ಕೋಚ್ ಸರ್ ಕಾಟ.’

ಅವನಿಗೆ ಇದು ತಿಂಗಳುಗಳಿಂದ ಗೊತ್ತಿತ್ತು. ಯಾಕಪ್ಪಾ ಹೇಳಲಿಲ್ಲ ಎಂದೆ. ‘ನಾನು ದಿನಗೂಲಿಯವನು. ಅವರು ಕಪ್ ತಂದೋರು’ ಎಂದ.

ನಾನು ಆ ಡಿಗ್ರಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ. ಮಕ್ಕಳ ಬಾಯಲ್ಲಿ ಪಿಟಿ ಮೇಡಂ. ಕೋಚ್ ಗೌರವಧನದ ಮೇಲೆ ಸಂಜೆ ಹೊತ್ತು ಬರುವವರು. ನಾನು ಅವತ್ತೇ ಪ್ರಿನ್ಸಿಪಾಲರ ಚೇಂಬರಿಗೆ ಹೋಗಿ ಬಾಯಿಮಾತಲ್ಲಿ ಹೇಳಿದೆ. ಅವರು ‘ನೋಡ್ತೀನಿ ಬಿಡಿ ಮೇಡಂ’ ಎಂದರು. ಹೊರಗೆ ಬಂದಾಗ ತಲೆ ಮೇಲಿನ ಹೊರೆ ಇಳಿದ ಹಾಗಿತ್ತು. ಮೇಲಿನವರಿಗೆ ಹೇಳಿಯಾಯ್ತಲ್ಲ! ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಈಗ ನೆನೆದರೆ ಆ ನಿದ್ದೆಗೇ ನಾಚಿಕೆಯಾಗುತ್ತದೆ.

ವರ್ಷದ ಕೊನೆಗೆ ಕೋಚ್ ಸರ್ ಗುತ್ತಿಗೆ ಮುಂದುವರಿಸಲಿಲ್ಲ. ಆದರೆ ಬೀಳ್ಕೊಡುಗೆ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಅನುಭವ ಪತ್ರದಲ್ಲಿ ‘ನಡತೆ ಉತ್ತಮ’ ಎಂದು ಬರೆದುಕೊಟ್ಟರು. ನಾನೂ ಚಪ್ಪಾಳೆ ತಟ್ಟಿದೆ. ಮುಂದಿನ ಜುಲೈಗೆ ಅವರು ಪಕ್ಕದ ಜಿಲ್ಲೆಯ ಕಾಲೇಜೊಂದರಲ್ಲಿ ಹುಡುಗಿಯರ ಟೀಮಿಗೇ ಕೋಚ್. ನಮ್ಮ ಹುಡುಗಿ ಮಾತ್ರ ಮತ್ತೆ ಕೋರ್ಟಿಗೆ ಇಳಿಯಲಿಲ್ಲ.

2012ರ ಜುಲೈನಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ನನ್ನ ತಂಗಿ ಮಗ ಒಂದು ವರದಿ ಕಳಿಸಿದ. ‘ದೊಡ್ಡಮ್ಮ, ನಿಮ್ಮ ಫೀಲ್ಡಿನ ವಿಷಯ, ಓದಿ’ ಎಂದಿದ್ದ. ಪೆನ್ ಸ್ಟೇಟ್ ಯೂನಿವರ್ಸಿಟಿಯ ಹಗರಣದ ಬಗ್ಗೆ ಎಫ್‌ಬಿಐನ ಹಳೆಯ ಮುಖ್ಯಸ್ಥ ಲೂಯಿಸ್ ಫ್ರೀ ಮಾಡಿದ ತನಿಖೆ. 267 ಪುಟ. ನನ್ನ ಇಂಗ್ಲಿಷಿಗೆ ಒಂದು ತಿಂಗಳೇ ಹಿಡಿಯಿತು.

ಅಲ್ಲಿ ಫುಟ್‌ಬಾಲ್ ಅಂದರೆ ದೇವರು. ಹೆಡ್ ಕೋಚ್ ಜೋ ಪಟರ್ನೋ ಅವರ ಪ್ರತಿಮೆಯನ್ನೇ ಸ್ಟೇಡಿಯಂ ಹೊರಗೆ ನಿಲ್ಲಿಸಿದ್ದರು. ಅವರ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ವರ್ಷಗಟ್ಟಲೆ ಗಂಡು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. 1998ರಲ್ಲೇ ಒಬ್ಬ ತಾಯಿ ದೂರು ಕೊಟ್ಟಿದ್ದರು, ಕೇಸು ಆಗಲಿಲ್ಲ. 1999ರಲ್ಲಿ ಅವನು ನಿವೃತ್ತನಾದ. ನಿವೃತ್ತರಿಗೆ ಕೊಡುವ ಎಮೆರಿಟಸ್ ಗೌರವ ಸಿಕ್ಕಿತು. ಕ್ರೀಡಾ ಕಟ್ಟಡಗಳನ್ನು ಬಳಸಲು ಅವಕಾಶವೂ ಸಿಕ್ಕಿತು. ಅದನ್ನು ಓದುವಾಗ ನನಗೆ ಹಣ್ಣಿನ ಬುಟ್ಟಿ ನೆನಪಾಯಿತು.

ನಮ್ಮ ಅಟೆಂಡರ್ ಕೂಡ ಆ ವರದಿಯಲ್ಲಿದ್ದ. ಅಂದರೆ ಅವನಂಥವನು. 2000ದಲ್ಲಿ ಕಸ ಗುಡಿಸುವ ಕೆಲಸದವನೊಬ್ಬ ಶವರ್ ಕೋಣೆಯಲ್ಲಿ ಕಣ್ಣಾರೆ ಕಂಡ. ಜೊತೆಯವರಿಗೆ ಹೇಳಿದ. ಕೆಲಸ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಅವರು ಯಾರಿಗೂ ಹೇಳಲಿಲ್ಲ.

ಮಾರನೇ ವರ್ಷ, 2001ರ ಫೆಬ್ರವರಿಯಲ್ಲಿ, ಮೈಕ್ ಮೆಕ್ವೇರಿ ಎಂಬ ಕಿರಿಯ ಸಹಾಯಕ ಅಂಥದ್ದೇ ಒಂದು ಘಟನೆ ಕಂಡು ಪಟರ್ನೋ ಮನೆಗೆ ಹೋಗಿ ಹೇಳಿದ. ಪಟರ್ನೋ ಕ್ರೀಡಾ ನಿರ್ದೇಶಕ ಟಿಮ್ ಕರ್ಲಿಗೆ ಹೇಳಿದರು. ಉಪಾಧ್ಯಕ್ಷ ಗ್ಯಾರಿ ಶುಲ್ಟ್ಸ್‌ಗೂ, ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್‌ಗೂ ವಿಷಯ ಹೋಯಿತು. ನೋಡಿ, ಪ್ರತಿಯೊಬ್ಬರೂ ಮೇಲಿನವರಿಗೆ ಹೇಳಿದ್ದಾರೆ! ಪೊಲೀಸರಿಗೆ ಮಾತ್ರ ಯಾರೂ ಹೇಳಲಿಲ್ಲ. ಕೊನೆಗೆ ಆದ ತೀರ್ಮಾನ ಏನು? ಮಕ್ಕಳನ್ನು ಇನ್ನು ಇಲ್ಲಿಗೆ ಕರೆದುಕೊಂಡು ಬರಬೇಡ ಎಂದು ಸ್ಯಾಂಡಸ್ಕಿಗೆ ಹೇಳುವುದು. ನಮ್ಮವರೂ ಅದನ್ನೇ ಮಾಡಿದ್ದರು. ‘ಇಲ್ಲಿ’ ಬೇಡ, ಅಷ್ಟೇ.

2011ರ ನವೆಂಬರಿನಲ್ಲಿ ಸ್ಯಾಂಡಸ್ಕಿಯ ಬಂಧನವಾಯಿತು. ನಾಲ್ಕು ದಿನಕ್ಕೆ ಪಟರ್ನೋ ಕೆಲಸ ಹೋಯಿತು. 48 ಆರೋಪಗಳಲ್ಲಿ 45 ಸಾಬೀತಾಗಿ ಅವನಿಗೆ 30ರಿಂದ 60 ವರ್ಷ ಜೈಲು. ಪ್ರತಿಮೆ ತೆಗೆದರು. ಕಾಲೇಜು ಕ್ರೀಡೆಯ ಸಂಸ್ಥೆ ಯೂನಿವರ್ಸಿಟಿಗೆ 6 ಕೋಟಿ ಡಾಲರ್ ದಂಡ ಹಾಕಿತು. ಸ್ಪ್ಯಾನಿಯರ್ 2021ರಲ್ಲಿ ಸುಮಾರು ಎರಡು ತಿಂಗಳು ಜೈಲಿನಲ್ಲಿದ್ದರು. ಪಟರ್ನೋ ಮೇಲೆ ಕೇಸು ಬರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅವರು ಹೇಳಬೇಕಾದವರಿಗೆ ಹೇಳಿದ್ದರು. ಪಟರ್ನೋ ಸೇರಿ ಮೇಲಿನವರೆಲ್ಲ ವಿಷಯ ಮುಚ್ಚಿಟ್ಟರು ಎಂಬ ಫ್ರೀ ಅವರ ತೀರ್ಮಾನವನ್ನು ಪಟರ್ನೋ ಕುಟುಂಬ ಒಪ್ಪಲೂ ಇಲ್ಲ. ಆದರೂ ತಾನು ಇನ್ನೂ ಹೆಚ್ಚು ಮಾಡಬೇಕಿತ್ತು ಎಂದು ಪಟರ್ನೋ ತಾವೇ ಹೇಳಿಕೊಂಡರು. ಆ ಮಾತು ನನಗೆ ಚುಚ್ಚಿತು. ನಾನು ಅವರಷ್ಟೂ ಮಾಡಿರಲಿಲ್ಲ.

ಆ ಕಾಲಕ್ಕೆ ನಮ್ಮಲ್ಲಿ ಕಾನೂನು ಇರಲಿಲ್ಲವೇ? ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು ಇತ್ತು. ಕಾಲೇಜಿನ ಬೋರ್ಡ್ ಮೇಲೆ ಇಂಥ ದೂರು ಕೇಳುವ ಒಂದು ಸಮಿತಿಯ ಹೆಸರೂ ಇತ್ತು. ಅದು ಒಮ್ಮೆಯೂ ಸೇರಿರಲಿಲ್ಲ. ಆಮೇಲೆ ಅದೇ ವಿಷಯಕ್ಕೆ 2013ರ ಕಾಯ್ದೆ ಬಂತು. ಕಾಲೇಜುಗಳಿಗೆ ಅಂತಲೇ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮಗಳು ಬಂದ ಮೇಲೆ ನಾನು ಪ್ರಿಂಟ್ ತೆಗೆಸಿ, ಹಳದಿ ಗೆರೆ ಎಳೆದು ಬೀರುವಿನಲ್ಲಿಟ್ಟೆ. ಅದು ಉಪಯೋಗಕ್ಕೆ ಬಂದದ್ದು 2018ರಲ್ಲಿ.

ಎರಡನೇ ವರ್ಷದ ಬಿಕಾಂ ಹುಡುಗಿ. ಮಧ್ಯಾಹ್ನದ ಊಟದ ಹೊತ್ತಲ್ಲಿ ಬಂದು ತಾನೇ ಬಾಗಿಲು ಮುಂದೆ ಮಾಡಿದಳು. ‘ಮೇಡಂ, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬಾರದು’ ಎಂದಳು. ನಾನು ಅಲ್ಲೇ ತಡೆದೆ. ‘ಕೇಳಮ್ಮ, ನೀನು ಹೇಳಿದ ಮೇಲೆ ನಾನು ಸುಮ್ನೆ ಇರೋಕೆ ಆಗಲ್ಲ. ಮೊದಲೇ ತಿಳಿಸ್ತಿದ್ದೀನಿ. ಆಮೇಲೆ ಮೇಡಂ ಮೋಸ ಮಾಡಿದ್ರು ಅನ್ನಬೇಡ’ ಎಂದೆ. ಅವಳು ಎದ್ದು ಹೋದಳು. ನನಗೆ ಎದೆ ಧಸಕ್ಕೆಂದಿತು. ಇನ್ನು ಬರುವುದಿಲ್ಲ ಅಂದುಕೊಂಡೆ. ಮಾರನೇ ದಿನ ಗೆಳತಿಯನ್ನು ಕರೆದುಕೊಂಡು ಬಂದಳು.

ಹೊಸ ಕೋಚ್ ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಕಳಿಸುತ್ತಿದ್ದ. ಮೊದಲು ಡಯಟ್ ವಿಷಯ, ಆಮೇಲೆ ಬೇರೆ. ಕೊನೆಯದರಲ್ಲಿ ‘ಲಿಸ್ಟಿನಲ್ಲಿ ಹೆಸರು ಬೇಕಾ ಬೇಡ್ವಾ’ ಎಂದಿತ್ತು. ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಕಬಡ್ಡಿಯಲ್ಲಿ 12 ಜನರ ಲಿಸ್ಟ್, ಆಡುವವರು 7. ಹಳ್ಳಿಯಿಂದ ಬಂದ ಹುಡುಗಿಗೆ ಆ ಲಿಸ್ಟ್ ಅಂದರೆ ಸರ್ಟಿಫಿಕೇಟು, ಯೂನಿವರ್ಸಿಟಿ ಟೀಮಿಗೆ ಆಡಿದವರಿಗೆ ಸಿಗುವ ‘ಬ್ಲೂ’ ಗೌರವ, ನಾಳೆ ಸ್ಪೋರ್ಟ್ಸ್ ಕೋಟಾದಲ್ಲಿ ಸಿಗಬಹುದಾದ ಸೀಟು, ಕೆಲಸ. ಅದು ಒಬ್ಬನ ಜೇಬಿನಲ್ಲಿತ್ತು.

ನಾನು ಮೊದಲು ಕೇಳಿದ್ದು ಹುಟ್ಟಿದ ತಾರೀಖು. 19 ತುಂಬಿತ್ತು. ಇದು ಯಾಕೆ ಮುಖ್ಯ ಅಂದರೆ ನಮ್ಮ ಡಿಗ್ರಿ ಮೊದಲ ವರ್ಷದ ಮಕ್ಕಳಲ್ಲಿ ಎಷ್ಟೋ ಜನರಿಗೆ 17 ಇರುತ್ತದೆ. 18 ತುಂಬಿಲ್ಲ ಅಂದರೆ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ. ಆಗ ಸಮಿತಿ, ಮೀಟಿಂಗು ಅಂತ ಕಾಯುವ ಹಾಗಿಲ್ಲ, ನೇರ ಪೊಲೀಸರಿಗೆ ತಿಳಿಸಬೇಕು. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ತಿಳಿಸದಿದ್ದರೆ ಅವರಿಗೇ ಒಂದು ವರ್ಷದವರೆಗೆ ಜೈಲು. ಸ್ಟಾಫ್ ರೂಮಿನಲ್ಲಿ ಈ ಮಾತು ಹೇಳಿದಾಗ ಎಲ್ಲರ ಟೀ ಲೋಟ ಅಲ್ಲೇ ನಿಂತಿತ್ತು.

ದೂರನ್ನು ಅವಳೇ ಬರೆದಳು. ನಾನು ಪೆನ್ನು ಮುಟ್ಟಲಿಲ್ಲ. ಕಾಗುಣಿತ ತಪ್ಪಿದ್ದರೂ ತಿದ್ದಲಿಲ್ಲ. ಮೆಸೇಜುಗಳನ್ನು ಅಳಿಸಬೇಡ ಎಂದೆ, ಸ್ಕ್ರೀನ್‌ಶಾಟುಗಳನ್ನು ಪ್ರಿಂಟ್ ಮಾಡಿಸಿದೆವು. ನಾನು ಕೇಳಿದ್ದನ್ನು, ತಾರೀಖು ಹೊತ್ತಿನ ಸಮೇತ, ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಎರಡನ್ನೂ ಲಕೋಟೆಯಲ್ಲಿಟ್ಟು, ಅಂಟಿಸಿ, ಮೇಲೆ ‘ಗೋಪ್ಯ’ ಎಂದು ಬರೆದು ಆಫೀಸಿಗೆ ಕೊಟ್ಟೆ. ‘ಇದಕ್ಕೂ ಇನ್‌ವರ್ಡ್ ನಂಬರ್ ಬೇಕಾ ಮೇಡಂ?’ ಎಂದರು ಗುಮಾಸ್ತರು. ಬೇಕೇ ಬೇಕು ಎಂದೆ. ಲಕೋಟೆ ಮೇಲೆ ನಂಬರ್, ಸೀಲು, ನನ್ನ ಕೈಯಲ್ಲಿ ಸ್ವೀಕೃತಿ. 2009ರಲ್ಲಿ ನಾನು ಮಾಡದೇ ಹೋದದ್ದು ಇಷ್ಟೇ. ಬಾಯಿಮಾತು ಗಾಳಿಗೆ ಹೋಗುತ್ತದೆ, ನಂಬರ್ ಬಿದ್ದ ಕಾಗದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು.

ಒಂದು ತಪ್ಪು ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ಹುಡುಗಿಗೆ ಜೊತೆ ಇರಲಿ ಎಂದು ಕ್ಯಾಪ್ಟನ್‌ಗೆ ‘ಸ್ವಲ್ಪ ನೋಡ್ಕೊಳ್ಳಮ್ಮ, ಏನೋ ತೊಂದರೆಯಲ್ಲಿದ್ದಾಳೆ’ ಎಂದೆ. ಅಷ್ಟೇ ಹೇಳಿದ್ದು. ಸಂಜೆಯೊಳಗೆ ಇಡೀ ಹಾಸ್ಟೆಲಿಗೆ ಗೊತ್ತಾಗಿತ್ತು.

ಸಮಿತಿಯಲ್ಲಿ ತಾನೂ ಕೂರುತ್ತೇನೆ ಎಂದರು ಪ್ರಿನ್ಸಿಪಾಲರು. ಅವರು ಕೆಟ್ಟವರಲ್ಲ, ಪಾಪ, ಗಾಬರಿಯಾಗಿದ್ದರು. ನಾನು ಹಳದಿ ಗೆರೆಯ ಹಾಳೆ ತೋರಿಸಿದೆ. ರಿಜಿಸ್ಟ್ರಾರ್, ಡೀನ್, ವಿಭಾಗದ ಮುಖ್ಯಸ್ಥರಂಥ ಆಡಳಿತದ ಮೇಲಿನವರು ಸಮಿತಿಯಲ್ಲಿ ಇರುವಂತಿಲ್ಲ. ಆ ಲೆಕ್ಕದಲ್ಲಿ ನಾನೂ ಕೂರುವಂತಿಲ್ಲ. ನಾನು ಬರೀ ಸಾಕ್ಷಿ. ಅರ್ಥಶಾಸ್ತ್ರದ ಹಿರಿಯ ಮೇಡಂ ಅಧ್ಯಕ್ಷೆ. ಅಧ್ಯಾಪಕರು, ಆಫೀಸಿನವರು, ಒಬ್ಬರು ಹೊರಗಿನ ಸದಸ್ಯೆ. ವಿದ್ಯಾರ್ಥಿಯ ವಿಷಯವಾದ್ದರಿಂದ ಮೂವರು ವಿದ್ಯಾರ್ಥಿಗಳು.

ಯಾರು ಕೂರುತ್ತಾರೆ ಅನ್ನುವುದು ಯಾಕೆ ದೊಡ್ಡ ಮಾತು ಅಂತ ಆ ವರ್ಷವೇ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಸುದ್ದಿ ಓದಿ ತಿಳಿದಿದ್ದೆ. ಅಲ್ಲಿನ ವೈದ್ಯ ಲ್ಯಾರಿ ನಾಸರ್ ಮೇಲೆ 2014ರಲ್ಲಿ, ಚಿಕಿತ್ಸೆಯ ಹೆಸರಿನಲ್ಲಿ ಲೈಂಗಿಕ ದೌರ್ಜನ್ಯ ಮಾಡಿದ ಎಂದು ದೂರು ಬಂದಿತ್ತು. ಅಭಿಪ್ರಾಯ ಕೇಳಿದ್ದು ಅದೇ ಯೂನಿವರ್ಸಿಟಿಯ, ಅವನ ಪರಿಚಯದವರನ್ನೇ. ಅದು ಚಿಕಿತ್ಸೆಯೇ ಎಂದರು, ಅವನು ಕೆಲಸಕ್ಕೆ ವಾಪಸ್ ಬಂದ. 2018ರ ಜನವರಿಯಲ್ಲಿ ಅವನಿಗೆ ಶಿಕ್ಷೆ ಕೊಡುವಾಗ 150ಕ್ಕೂ ಜಾಸ್ತಿ ಹೆಣ್ಣುಮಕ್ಕಳು ಕೋರ್ಟಿನಲ್ಲಿ ನಿಂತು ತಮ್ಮ ಕಥೆ ಹೇಳಿದರು. ಯೂನಿವರ್ಸಿಟಿ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು.

ದೂರಿನ ಪ್ರತಿ ಏಳು ದಿನದೊಳಗೆ ಕೋಚ್ ಕೈಗೆ ಹೋಯಿತು, ಉತ್ತರಕ್ಕೆ ಹತ್ತು ದಿನ. ಅವನ ಮಾತನ್ನೂ ಪೂರ್ತಿ ಕೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗಿದ್ದ ಅವಸರ ಬೇರೆ. ಹನ್ನೆರಡು ದಿನಕ್ಕೆ ಸೆಲೆಕ್ಷನ್ ಇತ್ತು. ದೂರು ಕೊಟ್ಟವಳನ್ನು ಅಳೆಯುವ ಕೆಲಸ ಆರೋಪಿಗೆ ಕೊಡಬಾರದು ಎಂದು ಅದೇ ನಿಯಮದಲ್ಲಿದೆ. ಅದನ್ನು ಪರೀಕ್ಷೆಗೆ ಮಾತ್ರ ಅಂದುಕೊಂಡವರು ಜಾಸ್ತಿ. ಟೀಮ್ ಸೆಲೆಕ್ಷನ್ ಕೂಡ ಪರೀಕ್ಷೆಯೇ ಅಲ್ವಾ? ಸಮಿತಿ ಒಪ್ಪಿತು. ತೀರ್ಮಾನ ಆಗುವ ತನಕ ಅವನು ಗ್ರೌಂಡಿಗೆ ಬರುವಂತಿಲ್ಲ ಎಂದಾಯಿತು.

ಆಮೇಲಿನ ಎರಡೂವರೆ ತಿಂಗಳು ಕಷ್ಟದ್ದು. ಆಡಳಿತ ಮಂಡಳಿಯ ಒಬ್ಬರು ‘ಕಾಲೇಜಿನ ಮರ್ಯಾದೆ ನೋಡ್ರಿ’ ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇತ್ತು. ಹುಡುಗಿಯ ತಾಯಿ ಬಂದು ‘ಮೇಡಂ, ನಾಳೆ ಮದ್ವೆ ಮಾಡ್ಬೇಕು, ಇವಳ ಹೆಸ್ರು ಹೊರಗೆ ಬರ್ಬಾರ್ದು’ ಎಂದು ಕಣ್ಣೀರು ಹಾಕಿದಾಗ ಕಾನೂನು ಹೇಳಿದೆ. ಹೆಸರು ಬಹಿರಂಗ ಮಾಡುವಂತಿಲ್ಲ ಎಂದೆ. ಹಾಸ್ಟೆಲಿಗೆ ಆಗಲೇ ಗೊತ್ತಿದೆ ಅನ್ನುವುದು ನನ್ನ ಗಂಟಲಲ್ಲೇ ಉಳಿಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಟೀಮಿನ ಹಿರಿಯ ಹುಡುಗಿಯರದ್ದು. ಆ ವರ್ಷ ಕೋಚ್ ಇಲ್ಲದೆ ಮೊದಲ ಸುತ್ತಿನಲ್ಲೇ ಸೋತೆವು. ‘ಮೂರು ವರ್ಷದಿಂದ ಕಾದಿದ್ವಿ ಮೇಡಂ. ನಮ್ಮ ಬ್ಲೂ ಹೋಯ್ತು’ ಎಂದಳು ಒಬ್ಬಳು. ಅವಳು ಹೇಳಿದ್ದು ಸುಳ್ಳಲ್ಲ. ಅವಳಿಗೆ ನಷ್ಟ ಆದದ್ದು ನಿಜವೇ. ಬೈಯಬೇಕಾದದ್ದು ದೂರು ಕೊಟ್ಟವಳನ್ನಲ್ಲ ಎಂದು ಹೇಳಬಹುದಿತ್ತು, ಹೇಳಿದೆ ಕೂಡ. ಅವಳ ಮುಖ ನೋಡಿದರೆ ಆ ಮಾತು ಒಳಗೆ ಇಳಿದಿರಲಿಲ್ಲ.

ದೂರು ನಿಜ ಎಂದು ಸಮಿತಿ ಬರೆಯಿತು. ಗುತ್ತಿಗೆ ರದ್ದಾಯಿತು. ಈ ಸಲ ಕಾರಣ ಸಮೇತ ಆದೇಶ. ಶಾಲು ಇಲ್ಲ, ಹಣ್ಣಿನ ಬುಟ್ಟಿ ಇಲ್ಲ, ‘ನಡತೆ ಉತ್ತಮ’ ಇಲ್ಲ.

ಆಮೇಲೆ ನಾನು ಮಾಡಿದ ಕೆಲಸ ಒಬ್ಬನ ಜೇಬಿನಲ್ಲಿದ್ದದ್ದನ್ನು ನಾಲ್ಕು ಜೇಬಿಗೆ ಹಂಚಿದ್ದು. ಮೊದಲು ಟೀಮ್ ಆರಿಸುವವನು, ರೂಮ್ ಹಂಚುವವನು, ಡಿಎ (ದಿನಭತ್ಯೆ) ದುಡ್ಡು ಕೊಡುವವನು, ಸರ್ಟಿಫಿಕೇಟ್ ಇಟ್ಟುಕೊಳ್ಳುವವನು ಎಲ್ಲಾ ಕೋಚೇ. ಈಗ ಸೆಲೆಕ್ಷನ್‌ಗೆ ಮೂವರು, ಅಂಕದ ಹಾಳೆ ಅವತ್ತೇ ಸಂಜೆ ನೋಟಿಸ್ ಬೋರ್ಡಿಗೆ. ಡಿಎ ನೇರ ಮಕ್ಕಳ ಬ್ಯಾಂಕ್ ಖಾತೆಗೆ. ಸರ್ಟಿಫಿಕೇಟ್ ಆಫೀಸಿನಿಂದ. ಹುಡುಗಿಯರ ಟೀಮ್ ಹೊರಟರೆ ಮಹಿಳಾ ಮ್ಯಾನೇಜರ್ ಜೊತೆಗಿರಲೇಬೇಕು. ಒಬ್ಬರ ಪ್ರಯಾಣ ಭತ್ಯೆ ಜಾಸ್ತಿ ಆಯಿತು ಎಂದು ಮಂಡಳಿ ಗೊಣಗಿತು. 2022ರಲ್ಲಿ ಸ್ಲೊವೇನಿಯಾಕ್ಕೆ ತರಬೇತಿಗೆ ಹೋಗಿದ್ದ ಭಾರತದ ಸೈಕ್ಲಿಸ್ಟ್ ಒಬ್ಬರು ಕೋಚ್ ಮೇಲೆ ದೂರು ಕೊಟ್ಟ ಮೇಲೆ, ಮಹಿಳಾ ಆಟಗಾರ್ತಿಯರ ಜೊತೆ ಮಹಿಳಾ ಕೋಚ್ ಇರಬೇಕು ಎಂದು ಭಾರತೀಯ ಕ್ರೀಡಾ ಪ್ರಾಧಿಕಾರ ಫೆಡರೇಶನ್‌ಗಳಿಗೆ ಹೇಳಿತು. ಆ ಪೇಪರ್ ಕಟಿಂಗನ್ನು ಮಂಡಳಿಯವರ ಮುಂದಿಟ್ಟ ಮೇಲೆ ಗೊಣಗುವುದು ನಿಂತಿತು. ಆದರೆ ಪ್ರತಿ ಸಲ ಹೊರಡಬೇಕಾದದ್ದು ಅದೇ ಇಬ್ಬರು ಲೇಡಿ ಲೆಕ್ಚರರ್‌ಗಳು. ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಅದಕ್ಕೆ ದಾರಿ ಹುಡುಕಲು ನನ್ನಿಂದ ಆಗಲಿಲ್ಲ.

ಆದೇಶ ಆದ ಎರಡು ವರ್ಷಕ್ಕೆ ಬೇರೊಂದು ಕಾಲೇಜಿನ ಪಿಟಿ ಸರ್ ಫೋನ್ ಮಾಡಿದರು. ಆ ಕೋಚ್ ಅಲ್ಲಿ ಅರ್ಜಿ ಹಾಕಿದ್ದನಂತೆ. ‘ಚೆನ್ನಾಗಿ ಆಡಿಸ್ತಾನಂತೆ, ಹೌದಾ ಮೇಡಂ?’ ಎಂದರು. ವಿಚಾರಣೆಯ ವಿವರ ಫೋನಿನಲ್ಲಿ ಹೇಳುವಂತಿಲ್ಲ. ‘ಚೆನ್ನಾಗಿಯೇ ಆಡಿಸ್ತಾರೆ. ನಮ್ಮಲ್ಲಿ ಯಾಕೆ ಬಿಟ್ಟರು ಅಂತ ನಿಮ್ಮ ಪ್ರಿನ್ಸಿಪಾಲರಿಂದ ಒಂದು ಪತ್ರ ಹಾಕಿಸಿ ಸರ್. ಸಹಿ ಸೀಲು ಸಮೇತ ನಮ್ಮವರು ಉತ್ತರ ಕೊಡ್ತಾರೆ’ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಸರಿ ಮೇಡಂ’ ಎಂದು ಇಟ್ಟರು.

ಪತ್ರ ಬರಲಿಲ್ಲ. ಮುಂದಿನ ಜೋನಲ್ ಮೀಟಿನಲ್ಲಿ ನಮ್ಮ ಮಕ್ಕಳ ಆಟ ಬಿಟ್ಟು ಪಕ್ಕದ ಕೋರ್ಟಿಗೆ ಹೋದೆ, ಆ ಕಾಲೇಜಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ ಅಂತ ನೋಡೋಕೆ. ಬೇರೆಯವರಿದ್ದರು.