ಲಾಡಿಹುಳು: ಗುಳಿಗಿಗಿಂತ ಮೊದಲು ಕೇಳುವ ಪ್ರಶ್ನೆ

"ಸಂಡಾಸದಾಗ ಬಿಳೇ ತುಂಡು ಬೀಳ್ತಾವ್ರಿ, ಸೌತೆಬೀಜದಂಗ." ಯಾದಗಿರಿ, ಶಹಾಪುರ ಕಡೆಯ ಹಳ್ಳಿಗಳವರು ಹೀಗೆ ಹೇಳಿದರೆ ಲಾಡಿಹುಳುವಿನ ಅನುಮಾನ ಗಟ್ಟಿಯಾಗುತ್ತದೆ. ಆದರೂ ತಕ್ಷಣ ಚೀಟಿ ಬರೆಯುವುದಿಲ್ಲ. ಸಲೈನ್ ಹಾಕಿದ ಡಬ್ಬಿಯಲ್ಲಿ ತುಂಡು ತರಿಸಿಕೊಳ್ಳುತ್ತೇನೆ.

ಕೈಗವಸು ಹಾಕಿಕೊಂಡು, ತುಂಡನ್ನು ಎರಡು ಸ್ಲೈಡಿನ ನಡುವೆ ಮೆತ್ತಗೆ ಒತ್ತಿ ಬೆಳಕಿಗೆ ಹಿಡಿಯಬೇಕು. ನಡುವೆ ಹುಳುವಿನ ಗರ್ಭಕೋಶದ ಕಾಂಡ, ಎರಡೂ ಬದಿಗೆ ಕೊಂಬೆ. ಒಂದೇ ಬದಿಯ ಕೊಂಬೆಗಳನ್ನು, ಅದೂ ಕಾಂಡಕ್ಕೆ ಕೂಡಿರುವ ಬುಡದಲ್ಲೇ ಎಣಿಸಬೇಕು; ತುದಿಯಲ್ಲಿ ಅವು ಮತ್ತೆ ಕವಲೊಡೆದು ಲೆಕ್ಕ ತಪ್ಪಿಸುತ್ತವೆ. 7ರಿಂದ 13 ಇದ್ದರೆ ಹಂದಿಮಾಂಸದಿಂದ ಬರುವ ಹುಳು, 12ರಿಂದ 30 ಇದ್ದರೆ ದನದ ಮಾಂಸದ್ದು. 12–13ರಲ್ಲಿ ನಿಂತರೆ ಹಂದಿಯದೆಂದೇ ಹಿಡಿದು ಎಚ್ಚರ ವಹಿಸುತ್ತೇನೆ. ಮಲದಲ್ಲಿ ಬರೀ ಮೊಟ್ಟೆ ಕಂಡರೆ ಎರಡನ್ನೂ ಬೇರ್ಪಡಿಸಲಾಗದು, ಮೊಟ್ಟೆ ನೋಡಲು ಒಂದೇ ಥರ.

ಇಷ್ಟು ಎಣಿಕೆ ಯಾಕೆಂದರೆ, ಹಂದಿಯ ಹುಳುವಿನ ಮೊಟ್ಟೆ ಮನುಷ್ಯನ ಬಾಯಿಗೆ ಹೋದರೆ ಮರಿ ಮಿದುಳು ಸೇರಿ ಗುಳ್ಳೆಯಾಗಬಹುದು, ಫಿಟ್ಸ್ ಬರಬಹುದು. "ನಾವು ಮಾಂಸಾನೇ ಮುಟ್ಟಂಗಿಲ್ರಿ" ಅನ್ನುವವರಿಗೂ ಬರುತ್ತದೆ. ಹುಳು ಇರುವವರು ಕೈ ತೊಳೆಯದೆ ಬಡಿಸಿದ ಊಟ ಸಾಕು.

ಅದಕ್ಕೇ ಗುಳಿಗಿಗಿಂತ ಮೊದಲು ಫಿಟ್ಸ್ ಬಂದಿದೆಯೇ, ಬಿಡದ ತಲೆನೋವು ಇದೆಯೇ, ಚರ್ಮದ ಕೆಳಗೆ ಗಂಟು ಇದೆಯೇ ಎಂದು ಕೇಳುತ್ತೇನೆ. ಒಂದಕ್ಕೆ ಹೌದೆಂದರೂ ಲಾಡಿಹುಳುವಿನ ಗುಳಿಗಿ ಪ್ರಾಜಿಕ್ವಾಂಟೆಲ್ ಕೊಡದೆ ಮಿದುಳಿನ ಸ್ಕ್ಯಾನಿಗೆ ಕಳಿಸುತ್ತೇನೆ. ಆ ಔಷಧಿ ರಕ್ತಕ್ಕೆ ಸೇರಿ ಮಿದುಳಿನ ಗುಳ್ಳೆಗೂ ತಾಗುತ್ತದೆ. ಗುಳ್ಳೆ ಸಾಯುವಾಗ ಸುತ್ತ ಬಾವು ಬಂದು ಫಿಟ್ಸ್ ಕೆರಳಬಹುದು. ಇದೊಂದು ಪ್ರಶ್ನೆ ಬಿಟ್ಟುಹೋದರೆ ಸಣ್ಣ ಚಿಕಿತ್ಸೆ ದೊಡ್ಡ ಅಪಾಯವಾಗುತ್ತದೆ.

ಮೂರಕ್ಕೂ ಇಲ್ಲವೆಂದರೆ ಪ್ರಾಜಿಕ್ವಾಂಟೆಲ್, ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಒಂದೇ ಸಲ. 60 ಕಿಲೋ ಇರುವವರಿಗೆ 600. ಇನ್ನೊಂದು ಔಷಧಿ ನಿಕ್ಲೋಸಮೈಡ್ ಸಿಕ್ಕರೆ ದೊಡ್ಡವರಿಗೆ 2 ಗ್ರಾಂ, ಅಂದರೆ 500ರ ನಾಲ್ಕು ಗುಳಿಗಿ. ಇದು ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ನುಂಗದೆ ಚೆನ್ನಾಗಿ ಅಗಿಯಬೇಕು, ಇಡೀ ನುಂಗಿದರೆ ಹುಳುವಿಗೆ ಸರಿಯಾಗಿ ತಾಗದು. ಮಕ್ಕಳಲ್ಲಿ ಕಾಣುವ ಕುಬ್ಜ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಕಿಲೋ ತೂಕಕ್ಕೆ 25 ಮಿಲಿಗ್ರಾಂ ಲೆಕ್ಕ.

"ಶಾಲ್ಯಾಗ ಹುಳದ ಗುಳಿಗಿ ಕೊಟ್ಟಾರಲ್ರಿ?" ಎಂದು ತಾಯಂದಿರು ಕೇಳುತ್ತಾರೆ. ಆ 400 ಮಿಲಿಗ್ರಾಂ ಆಲ್ಬೆಂಡಜೋಲ್ ಜಂತುಹುಳು, ಕೊಕ್ಕೆಹುಳುಗಳಿಗೆ ಕೊಡುವಂಥದ್ದು. ಲಾಡಿಹುಳುವಿಗೆ ಆ ಒಂದು ಗುಳಿಗಿಯನ್ನು ನಂಬುವಂತಿಲ್ಲ.

ಗುಳಿಗಿ ತಗೊಂಡ ಮೇಲೆ ಮಲದಲ್ಲಿ ಹುಳುವಿನ ತಲೆ ಹುಡುಕುತ್ತ ಕೂರಬೇಡಿ, ಎಷ್ಟೋ ಸಲ ಅದು ಕರಗಿಯೇ ಹೋಗಿರುತ್ತದೆ. ಆದರೆ ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಆ ತಲೆ ಕರುಳಿಗೆ ಅಂಟಿ ಉಳಿದರೆ ಮೀಟರುಗಟ್ಟಲೆ ಹುಳು ಮತ್ತೆ ಬೆಳೆಯುತ್ತದೆ. ಚಿಕಿತ್ಸೆಯಾದ ಒಂದು ತಿಂಗಳ ಮೇಲೆ ಒಮ್ಮೆ, ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಲಪರೀಕ್ಷೆ ಮಾಡಿಸುತ್ತೇನೆ. ಹಂದಿಯ ಹುಳುವಾದರೆ ಮನೆಯಲ್ಲಿ ಅಡುಗೆ ಮಾಡುವವರಿಂದ ಹಿಡಿದು ಎಲ್ಲರದ್ದೂ.