ತಟ್ಟಡವಿನಿಂದ ಪಾಪ್ ಹಾಡಿಗೆ

ಭರತನಾಟ್ಯಕ್ಕೆ ನನ್ನನ್ನು ಸೇರಿಸಿದಾಗ ನನಗೆ ಆರು ವರ್ಷ. ಬೈತಖೋಲದಿಂದ ಅಜ್ಜಿಯ ಕೈ ಹಿಡಿದು ಕಾರವಾರ ಪೇಟೆಯ ತರಗತಿಗೆ ಹೋಗುತ್ತಿದ್ದೆ. ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿದ ಮೇಲೂ ಹಾಡುವುದು ಪಕ್ಕದಲ್ಲಿ ಕುಳಿತವರ ಕೆಲಸವೆಂದೇ ನಂಬಿದ್ದೆ.

ಆ ನಂಬಿಕೆ ಕದಲಿದ್ದು ಅಮೆರಿಕದ ಪಾಪ್ ಗಾಯಕಿ ಪೌಲಾ ಅಬ್ದುಲ್ ಅವರ ಬಗ್ಗೆ ಓದಿದಾಗ. ಲಾಸ್ ಏಂಜಲೀಸ್‌ನ ಬ್ಯಾಸ್ಕೆಟ್‌ಬಾಲ್ ತಂಡ ಲೇಕರ್ಸ್‌ಗಾಗಿ ಕುಣಿದು, ಗಾಯಕಿ ಜಾನೆಟ್ ಜಾಕ್ಸನ್‌ಗೆ ನೃತ್ಯ ಸಂಯೋಜಿಸಿ, 1988ರಲ್ಲಿ ಅವರು ತಮ್ಮ ಮೊದಲ ಆಲ್ಬಂ ತಂದರು. ಕುಣಿಯುವವಳು ಹಾಡಬಹುದು ಎಂಬುದು ಅಂದು ನನಗೆ ದೊಡ್ಡ ಸುದ್ದಿ.

ಕಡಲತೀರದ ವೇದಿಕೆಯೊಂದರಲ್ಲಿ ಮೊದಲ ಬಾರಿ ಕುಣಿಯುತ್ತ ಹಾಡಿದೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ದನಿ ಒಡೆಯಿತು. ತಾಳ ತಪ್ಪಿರಲಿಲ್ಲ, ಉಸಿರು ಮುಗಿದಿತ್ತು. ವರ್ಷಗಟ್ಟಲೆ ಅರೆಮಂಡಿಯಲ್ಲಿ, ಅಂದರೆ ಮೊಣಕಾಲು ಹೊರಕ್ಕೆ ಬಾಗಿಸಿ ಅರ್ಧ ಕುಳಿತ ಭಂಗಿಯಲ್ಲಿ, ಹೊಟ್ಟೆಯನ್ನು ಬಿಗಿಹಿಡಿದ ಮೈ ನನ್ನದು. ಹಾಡಿಗೆ ಬೇಕಾದದ್ದು ಇದರ ವಿರುದ್ಧ: ಉಸಿರೆಳೆದಾಗ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪೊರೆ ವಪೆ ಕೆಳಗಿಳಿಯಬೇಕು, ಹೊಟ್ಟೆ ಸಡಿಲವಾಗಿ ಮುಂದೆ ಬರಬೇಕು, ಪಕ್ಕೆಲುಬು ಅಗಲಬೇಕು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಮತ್ತೆ ತಟ್ಟಡವಿಗೇ, ಭರತನಾಟ್ಯದಲ್ಲಿ ಮೊದಲು ಕಲಿಸುವ ಕಾಲು ತಟ್ಟುವ ಹೆಜ್ಜೆಗೇ, ಹೋದೆ. ನನ್ನ ಹಾಡಿನ ವೇಗ ನಿಮಿಷಕ್ಕೆ 96 ಬಡಿತ. ಒಂದು ಬಡಿತವನ್ನು ತಾಳದ ಒಂದು ಎಣಿಕೆ, ಅಂದರೆ ಒಂದು ಅಕ್ಷರವೆಂದು ಹಿಡಿದರೆ ಆದಿತಾಳದ ಎಂಟು ಅಕ್ಷರಗಳಿಗೆ ಸರಿಯಾಗಿ ಐದು ಸೆಕೆಂಡು; ಡ್ರಮ್ಮಿನ ಲೆಕ್ಕದಲ್ಲಿ ನಾಲ್ಕರ ಎರಡು ಸುತ್ತು. ಬೆಳಿಗ್ಗೆ ಮೊದಲ ಕಾಲದಲ್ಲಿ, ಅಂದರೆ ನಿಧಾನಗತಿಯಲ್ಲಿ, ಕಾಲು ತಟ್ಟುತ್ತ ತಾಳಕ್ಕೆ ಹೇಳುವ ಸೊಲ್ಲಿನ ಬದಲು ಪಲ್ಲವಿ ಹಾಡಿದೆ. ಏಳು ಅಕ್ಷರ ಹಾಡು, ಎಂಟನೆಯದಕ್ಕೆ ಉಸಿರು. ವಾರಗಳ ನಂತರ ಎರಡು ಆವರ್ತಕ್ಕೆ, ಅಂದರೆ ಆದಿತಾಳದ ಎರಡು ಪೂರ್ತಿ ಸುತ್ತಿಗೆ, ಒಂದೇ ಉಸಿರು ಸಾಕಾಯಿತು. ಕುಪ್ಪಳಿಸುವ ಹೆಜ್ಜೆಗಳನ್ನು ವಾದ್ಯ ಮಾತ್ರ ನುಡಿಯುವ ಜಾಗಕ್ಕೆ ಸರಿಸಿದೆ. ಉದ್ದ ಸ್ವರವಿದ್ದಲ್ಲಿ ಕಾಲು ನಿಲ್ಲಿಸಿ ಹಸ್ತ, ಕಣ್ಣುಗಳಿಗೆ ಕೆಲಸ ಕೊಟ್ಟೆ. ಅಭಿನಯ ಕಲಿತದ್ದು ಇಲ್ಲಿ ಎಷ್ಟು ನೆರವಾಯಿತೆಂದರೆ, ಆ ಪಾಠಗಳಿಗೆ ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಧ್ವನಿಮುದ್ರಣ ಮನೆಯಲ್ಲೇ ನಡೆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮೈಕ್‌ಗೆ ಬೇರೇನೂ ಕೇಳಿಸದು. ಅಕ್ಟೋಬರ್‌ನಲ್ಲಿ, ಫ್ಯಾನ್ ಆರಿಸಿ, ಗೋಡೆಗೆ ಕಂಬಳಿ ತೂಗುಹಾಕಿ, ನಸುಕಿನಲ್ಲಿ ಹಾಡಿದೆ.

ಹಾಡನ್ನು ಮೊದಲು ಕೇಳಿಸಿದ್ದು ನನ್ನ ನೃತ್ಯದ ಗುರುಗಳಿಗೆ. ಕಣ್ಣು ಮುಚ್ಚಿ, ಮಣೆಗೆ ಕೋಲು ತಟ್ಟುವಂತೆ ಬೆರಳಿನಿಂದ ಮೊಣಕಾಲಿಗೆ ತಟ್ಟುತ್ತ ಕೊನೆಯವರೆಗೂ ಕೇಳಿದರು.

"ಮೂರನೆಯ ಆವರ್ತದಲ್ಲಿ ಉಸಿರು ಕದ್ದಿದ್ದೀಯ," ಎಂದರು.

ಮರುದಿನ ನಸುಕಿನಲ್ಲೇ ಆ ಸಾಲನ್ನು ಮತ್ತೆ ಹಾಡಿದೆ.