ಮೂಡಿಗೆರೆ ಮಳೆ, ಕಡೂರು ಮಳೆ

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೋ ನೋಡಿದ ಮೇಲೆ ನನಗೆ ಅರೋರಾದ (ಧ್ರುವಪ್ರಭೆಯ) ಹುಚ್ಚು ಹತ್ತಿತು. ನಾನು ಚಿಕ್ಕಮಗಳೂರಿನಲ್ಲಿ ಫಿಸಿಕ್ಸ್ ಮೇಷ್ಟ್ರು. ನಮ್ಮೂರಲ್ಲಿ ಅರೋರಾ ಕಾಣುವ ಮಾತೇ ಇಲ್ಲ. ಡೇಟಾ ನೋಡೋಕೆ ಏನು ಅಡ್ಡಿ, ಅಲ್ವಾ?

ಡಿಎಂಎಸ್‌ಪಿ ಅನ್ನುವ ಅಮೆರಿಕದ ಸೇನೆಯ ಹವಾಮಾನ ಉಪಗ್ರಹಗಳು ಸುಮಾರು 850 ಕಿ.ಮೀ. ಎತ್ತರದಲ್ಲಿ ಧ್ರುವಗಳ ಮೇಲೆ ಹಾದುಹೋಗುತ್ತಾ, ಕೆಳಗೆ ಸುರಿದು ಅರೋರಾ ಹೊತ್ತಿಸುವ ಎಲೆಕ್ಟ್ರಾನ್‌ಗಳನ್ನು ಸೆಕೆಂಡಿಗೊಮ್ಮೆ ಅಳೆಯುತ್ತವೆ. 2015ರ ಫೈಲುಗಳನ್ನು ಇಳಿಸಿಕೊಂಡೆ. ಇನ್ನೊಂದು ಕಡೆ ಕೆಪಿ ಸೂಚ್ಯಂಕ: ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಾಡಿತು ಅಂತ ಮೂರು ಗಂಟೆಗೊಮ್ಮೆ ಕೊಡುವ, 0ಯಿಂದ 9ರವರೆಗಿನ ಅಂಕಿ. ಕೆಪಿ ಪ್ರಕಾರ ಹತ್ತು ಡಬ್ಬಿ ಮಾಡಿ, ಎಲೆಕ್ಟ್ರಾನ್ ಲೆಕ್ಕವನ್ನು ಅಕ್ಷಾಂಶದ ಮೇಲೆ ಹರಡಿದೆ. ಚೆನ್ನಾಗಿ ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಕಲಸಿಟ್ಟ ರಾಗಿ ಹಿಟ್ಟು.

ಆ ವಾರ ತೋಟದ ಮನೆಗೆ ಹೋಗಿದ್ದೆ. ಅಪ್ಪ ಮಳೆ ಪುಸ್ತಕದಲ್ಲಿ ಇಂಚು, ಸೆಂಟು ಬರೆಯುತ್ತಾ ಕೂತಿದ್ದರು. ನನ್ನ ಗೋಳು ಕೇಳಿ, "ಲೋ, ಮೂಡಿಗೆರೆ ಮಳೇನೂ ಕಡೂರು ಮಳೇನೂ ಕೂಡಿಸಿ ಎರಡರಿಂದ ಭಾಗಿಸಿದ್ರೆ ಯಾವ ಊರಿನ ಮಳೆ ಸಿಗುತ್ತೆ?" ಅಂದರು.

ನಾನು ಮಾಡಿದ್ದು ಅದನ್ನೇ. ಕೆನಡಾದ ಯೆಲ್ಲೋನೈಫ್, ಸೈಬೀರಿಯಾದ ಯಾಕುತ್ಸ್ಕ್ ಎರಡೂ ಭೂಪಟದಲ್ಲಿ 62 ಡಿಗ್ರಿ ಉತ್ತರದ ಹತ್ತಿರ ಇವೆ. ಆದರೆ ಎಲೆಕ್ಟ್ರಾನ್‌ಗಳು ಭೂಪಟ ನೋಡಿ ಬರುವುದಿಲ್ಲ, ಕಾಂತರೇಖೆ ಹಿಡಿದು ಬರುತ್ತವೆ. ಕಾಂತೀಯ ಅಕ್ಷಾಂಶದಲ್ಲಿ, ಅಂದರೆ ಭೂಮಿಯ ಕಾಂತಕ್ಷೇತ್ರ ಹಿಡಿದು ಅಳೆದ ಅಕ್ಷಾಂಶದಲ್ಲಿ, ಮೊದಲನೆಯದು ಹೆಚ್ಚುಕಡಿಮೆ 69ರಲ್ಲಿದೆ, ಎರಡನೆಯದು 60 ಕೂಡ ಮುಟ್ಟುವುದಿಲ್ಲ. ಒಂದು ಮಳೆ ಸುರಿಯುವ ಮೂಡಿಗೆರೆ, ಇನ್ನೊಂದು ಒಣ ಕಡೂರು!

ಅಕ್ಷಾಂಶ ಬದಲಿಸಿದೆ. ಹಗಲಿನ ಕಡೆಯನ್ನೂ ರಾತ್ರಿ ಕಡೆಯನ್ನೂ ಬೇರೆ ಮಾಡಿದೆ. ಧ್ರುವದ ಸುತ್ತ ಅರೋರಾದ ಉಂಗುರ ಎದ್ದು ಬಂತು. ಕೆಪಿ ಏರಿದಂತೆ ಅದು ದಪ್ಪವಾಗುತ್ತದೆ, ಸುರಿಯುವ ಶಕ್ತಿಯೂ ಜಾಸ್ತಿಯಾಗುತ್ತದೆ, ಕೆಳಗಿನ ಅಂಚು ಸಮಭಾಜಕದ ಕಡೆ ಜಾರುತ್ತದೆ. ನಡುರಾತ್ರಿಯ ಕಡೆ ಈ ಅಂಚಿಗೆ ಸಾಮಾನ್ಯವಾಗಿ ಕೊಡುವ ಅಂಕಿ ಕೆಪಿ 0 ಇದ್ದಾಗ 66 ಡಿಗ್ರಿ, 5ಕ್ಕೆ 56, 9ಕ್ಕೆ 48. ಹಾನ್ಲೆ ಅದಕ್ಕಿಂತಲೂ ಬಹಳ ಕೆಳಗಿದೆ. ಆದರೂ ಕಂಡಿತು, ಯಾಕೆಂದರೆ ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳು 200 ಕಿ.ಮೀ.ಗೂ ಮೇಲೆಯೇ ನಿಂತು ಆಕ್ಸಿಜನ್‌ನಿಂದ ಕೆಂಪು ಬೆಳಕು ಹೊರಡಿಸುತ್ತವೆ. ಜೋರಾಗಿ ಬಂದವು 100 ಕಿ.ಮೀ. ಆಸುಪಾಸಿಗೆ ಇಳಿದು ಹಸಿರು ಕೊಡುತ್ತವೆ. ದೂರದಿಂದ ನೋಡುವವರಿಗೆ ಆ ಹಸಿರು ದಿಗಂತದ ಕೆಳಗೆ ಮುಳುಗಿರುತ್ತದೆ.

ಇನ್ನೊಂದು ತಪ್ಪೂ ಮಾಡಿದ್ದೆ. ದಿನದ ಎಂಟು ಕೆಪಿಗಳನ್ನು ಸುಮ್ನೆ ಕೂಡಿಸಿ ಸರಾಸರಿ ತೆಗೆದಿದ್ದೆ. ಕೆಪಿ ಸಮ ಮೆಟ್ಟಿಲಲ್ಲ. ಅದರ ಜೋಡಿ ಅಂಕಿ ಎಪಿಯಲ್ಲಿ 3 ಅಂದರೆ 15, 6 ಅಂದರೆ 80, 9 ಅಂದರೆ 400. ಸರಾಸರಿ ಬೇಕಾದರೆ ಎಪಿಯಲ್ಲೇ ತೆಗೆಯಬೇಕು.

2015ರ ಲೆಕ್ಕದಲ್ಲಿ ಕೆಳಗಿನ ಡಬ್ಬಿಗಳು ತುಂಬಿ ತುಳುಕಿದವು, 7 ದಾಟಿದವಲ್ಲಿ ಬೆರಳೆಣಿಕೆ, 9ರದ್ದು ಖಾಲಿ. ಅಪ್ಪ ಕೇಳಿ ನಕ್ಕರು: "ಒಂದೇ ವರ್ಷದ ಪುಸ್ತಕ ಇಟ್ಕೊಂಡು ಮಳೆ ಬಗ್ಗೆ ಮಾತಾಡ್ತೀಯಾ?" ಈಗ ಕೆಪಿ 9 ಮುಟ್ಟಿದ 2003ರ ಅಕ್ಟೋಬರ್ ಫೈಲುಗಳನ್ನು ಇಳಿಸುತ್ತಿದ್ದೇನೆ, ಕರೆಂಟು ಇದ್ದಷ್ಟು ಹೊತ್ತು.